ಬಾಣಸವಾಡಿ ಬಯಲಿನಿಂದ ಅಳೆದ ಗ್ರಹ

ಗ್ರಹಗಳ ಸ್ವಾರಸ್ಯ ಹೇಳುವ ಪುಸ್ತಕಗಳಲ್ಲಿ ಭೂಮಿಗೆ ಸಿಗುವುದು ಮಲಮಗಳ ಪಾಲು. ಶನಿಗೆ ಬಳೆ, ಗುರುವಿಗೆ ಕೆಂಪು ಮಚ್ಚೆ, ಮಂಗಳನಿಗೆ ಎವರೆಸ್ಟಿನ ಎರಡೂವರೆ ಪಟ್ಟು ಎತ್ತರದ ಜ್ವಾಲಾಮುಖಿ, ಶುಕ್ರನಿಗೆ ಅವನ ವರ್ಷಕ್ಕಿಂತಲೂ ಉದ್ದದ ದಿನ. ಭೂಮಿಯ ಸರದಿ ಬಂದಾಗ ಮಾತ್ರ ಜೀವಿಗಳಿವೆ, ಮುಕ್ಕಾಲು ಭಾಗ ನೀರಿದೆ ಎಂದು ಎರಡು ಸಾಲು ಗೀಚಿ ಪುಟ ಮಗುಚುತ್ತಾರೆ. ಮನೆಯವರ ಬಗ್ಗೆ ಹೊಸದಾಗಿ ಹೇಳುವುದೇನಿದೆ ಎಂಬ ಧೋರಣೆ.

ಕಲ್ಯಾಣ ನಗರದಲ್ಲಿ ನಿಂತು ನೋಡಿದರೆ ಇದು ಅನ್ಯಾಯವೇ ಸರಿ. ಹೊರವರ್ತುಲ ರಸ್ತೆಯುದ್ದಕ್ಕೂ ಮೆಟ್ರೊ ಕಾಮಗಾರಿ ನಡೆದಿದೆ. ಹೆಲ್ಮೆಟ್ ತೊಟ್ಟ ಹುಡುಗರು ಮುಕ್ಕಾಲಿಯ ಮೇಲೆ ಹಳದಿ ಯಂತ್ರವಿಟ್ಟು, ಒಂದು ಕಣ್ಣು ಮುಚ್ಚಿ, ಕಂಬದಿಂದ ಕಂಬಕ್ಕೆ ಅಳತೆ ಹಿಡಿಯುವುದನ್ನು ಸಿಗ್ನಲ್ಲಿನಲ್ಲಿ ಕಾಯುತ್ತ ನೀವೂ ನೋಡಿರುತ್ತೀರಿ. ಈ ಸೀಮೆಯಲ್ಲೇ 1800ನೇ ಇಸವಿಯ ಕೊನೆಯ ತಿಂಗಳುಗಳಲ್ಲಿ ಇನ್ನೊಂದು ತಂಡ ಮುಕ್ಕಾಲಿ ಊರಿತ್ತು. ಆಗ ಎಚ್‌ಆರ್‌ಬಿಆರ್ ಬಡಾವಣೆ ಇಲ್ಲ, ಕಮ್ಮನಹಳ್ಳಿ ಮುಖ್ಯರಸ್ತೆ ಇಲ್ಲ; ಹೊಲ, ತೋಪು, ಕೆರೆ, ನಡುವೆ ಹಳ್ಳಿಗಳು. ಅಗರದ ಕಡೆಯಿಂದ ಬಾಣಸವಾಡಿಯ ಕಡೆಗೆ ಸುಮಾರು ಏಳೂವರೆ ಮೈಲಿ ಉದ್ದದ ನೇರ ಗೆರೆಯೊಂದನ್ನು ಅವರು ಅಳೆದರು. ಸೈಟು ಹಂಚುವುದಕ್ಕಲ್ಲ, ರಸ್ತೆ ಎಳೆಯುವುದಕ್ಕೂ ಅಲ್ಲ. ಆ ಗೆರೆಯನ್ನು ಬುಡವಾಗಿಟ್ಟುಕೊಂಡು ಪರ್ಯಾಯ ದ್ವೀಪವನ್ನು, ಕೈಲಾದರೆ ಭೂಮಿಯನ್ನೇ ಅಳೆಯಬೇಕೆಂಬುದು ತಂಡದ ಯಜಮಾನನ ಹಂಬಲ.

ಯಜಮಾನನ ಹೆಸರು ವಿಲಿಯಂ ಲ್ಯಾಂಬ್ಟನ್. ಇಂಗ್ಲಿಷರ 33ನೇ ರೆಜಿಮೆಂಟಿನ ಅಧಿಕಾರಿ. ಟಿಪ್ಪುವಿನ ಮೇಲಿನ ಕೊನೆಯ ಯುದ್ಧಕ್ಕೆಂದು ಮೈಸೂರು ಸೀಮೆಗೆ ಬಂದವನು. 1799ರ ಏಪ್ರಿಲಿನಲ್ಲಿ ಶ್ರೀರಂಗಪಟ್ಟಣದ ಬಳಿ ಜನರಲ್ ಬೇರ್ಡನ ತುಕಡಿ ಒಂದು ರಾತ್ರಿ ತೋಪಿನೊಳಗೆ ನುಗ್ಗಿ ಕೆಲಸ ಮುಗಿಸಿ ತನ್ನ ಪಾಳೆಯಕ್ಕೆ ಮರಳುತ್ತಿತ್ತು. ಜೊತೆಯಲ್ಲಿದ್ದ ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರ ನೋಡಿದವನೇ, ದಕ್ಷಿಣಕ್ಕೆ ಹೋಗಬೇಕಾದ ನಾವು ಉತ್ತರಕ್ಕೆ, ನೆಟ್ಟಗೆ ಟಿಪ್ಪುವಿನ ಸೈನ್ಯದ ಬಾಯಿಗೇ ನಡೆಯುತ್ತಿದ್ದೇವೆ ಎಂದ. ಬೇರ್ಡ್ ಮೊದಲು ನಂಬಲಿಲ್ಲ. ದಿಕ್ಸೂಚಿ ನೋಡಿದ ಮೇಲೆ ಪಡೆ ತಿರುಗಿತು. ಯುದ್ಧ ಮುಗಿದು ಟಿಪ್ಪು ಮಡಿದ ಮೇಲೆ ಗೆದ್ದ ನೆಲದ ನಕ್ಷೆ ಕಂಪನಿಗೆ ಬೇಕಾಯಿತು. ಲ್ಯಾಂಬ್ಟನ್ ಅದರ ಜೊತೆಗೆ ತನ್ನ ಹಂಬಲವನ್ನೂ ಮುಂದಿಟ್ಟ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಬೆಂಬಲ ಕೊಟ್ಟ. ಕಂಪನಿಗೆ ಬೇಕಿದ್ದದ್ದು ಕಂದಾಯ, ಫೌಜಿನ ದಾರಿ. ಭೂಮಿಯ ಆಕಾರ ಅದರ ಬೆನ್ನಿಗೆ ಅಂಟಿಕೊಂಡು ಬಂತು ಎನ್ನಬೇಕು.

ಅಳತೆಯ ಸಾಧನ ಒಂದು ಉಕ್ಕಿನ ಸರಪಳಿ. ನಮ್ಮ ಕಡೆ ಮೋಜಣಿಯವರು ಹಿಡಿಯುವ ಸರಪಳಿ 33 ಅಡಿಯದು. 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ. ಲ್ಯಾಂಬ್ಟನ್ ಬಳಿ ಇದ್ದದ್ದು 100 ಅಡಿಯದು, ಎರಡೂವರೆ ಅಡಿಯ 40 ಕೊಂಡಿಗಳು. ಲಂಡನ್ನಿನ ಜೆಸ್ಸಿ ರಾಮ್ಸ್‌ಡನ್ ಮಾಡಿದ ಈ ಸರಪಳಿ ಇಲ್ಲಿಗೆ ಬಂದದ್ದು ಸುತ್ತು ದಾರಿಯಲ್ಲಿ. 1793ರಲ್ಲಿ ಲಾರ್ಡ್ ಮೆಕಾರ್ಟ್ನಿಯ ನಿಯೋಗ ಚೀನಾದ ಚಕ್ರವರ್ತಿಗೆಂದು ಒಯ್ದ ಸಾಮಾನುಗಳಲ್ಲಿ ಇದೂ ಇತ್ತು. ಚಕ್ರವರ್ತಿಗೆ ಬೇಡವಾಯಿತು. ನಿಯೋಗದ ಜೊತೆಗಿದ್ದ ಡಾ. ಡಿನ್‌ವಿಡಿ ಅದನ್ನು ಕಲ್ಕತ್ತೆಗೆ ತಂದ, ಅಲ್ಲಿಂದ ಸರ್ವೆಯ ಪಾಲಾಯಿತು. ಚೀನಾದಲ್ಲಿ ಬೇಡವಾದದ್ದು ಬಾಣಸವಾಡಿಯಲ್ಲಿ ದುಡಿಯಿತು.

ಸರಪಳಿಯನ್ನು ನೆಲದ ಮೇಲೆ ಎಳೆದಾಡುವಂತಿರಲಿಲ್ಲ. ನೆಲದ ಉಬ್ಬುತಗ್ಗಿಗೆ ಅದೂ ಬಾಗುತ್ತದೆ, ಅಳತೆ ಕೆಡುತ್ತದೆ. ಮುಕ್ಕಾಲಿಗಳ ಮೇಲೆ ಉದ್ದನೆಯ ಮರದ ದೋಣಿಗಳನ್ನು ಸಾಲಾಗಿ ಜೋಡಿಸಿ, ಅವುಗಳನ್ನು ಒಂದೇ ಮಟ್ಟಕ್ಕೆ ತಂದು, ಒಳಗೆ ಸರಪಳಿ ಮಲಗಿಸಿ, ಒಂದು ತುದಿಯನ್ನು ಗೂಟಕ್ಕೆ ಬಿಗಿದು ಇನ್ನೊಂದು ತುದಿಗೆ ತೂಕ ಇಳಿಬಿಟ್ಟು ಸೆಟೆಯಿಸಬೇಕು. ಪಕ್ಕದಲ್ಲಿ ಉಷ್ಣಮಾಪಕಗಳು. ಒಂದು ಸಲ ಅಳೆದಾದರೆ 100 ಅಡಿ. ಮತ್ತೆ ಎಲ್ಲ ಕಿತ್ತು ಮುಂದಕ್ಕೆ. ಏಳೂವರೆ ಮೈಲಿಗೆ ಇಂಥ ಸುಮಾರು 400 ಸಲ.

ಉಷ್ಣಮಾಪಕ ಏಕೆ ಎಂದರೆ, 100 ಅಡಿ ಉಕ್ಕು 10 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ಏನು ಮಹಾ ಎನ್ನಬಹುದು. ಆದರೆ ಬೆಂಗಳೂರಿನ ಚಳಿಗಾಲದಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಸಲೀಸಾಗಿ ಇರುತ್ತದೆ. ಗಮನಿಸದೆ ಅಳೆದರೆ ಇಡೀ ಗೆರೆಯಲ್ಲಿ ಸುಮಾರು 1.4 ಮೀಟರ್ ತಪ್ಪು. ಸಾಲದ್ದಕ್ಕೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಉಂಡೆಯಾದ ವಸ್ತುವಿನ ಮೇಲೆ ಎತ್ತರಕ್ಕೆ ಹೋದಷ್ಟೂ ಎರಡು ಬಿಂದುಗಳ ನಡುವಿನ ದೂರ ಹಿಗ್ಗುತ್ತದೆ. ಇಲ್ಲಿ ಅಳೆದ ಏಳೂವರೆ ಮೈಲಿಯನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದರೆ ಅದು ಸುಮಾರು 1.7 ಮೀಟರ್ ಕುಗ್ಗುತ್ತದೆ. ಸೊಂಟಪಟ್ಟಿ ಸಡಿಲಿಸುವ ವಯಸ್ಸಿನವರಿಗೆ ಈ ತತ್ವ ಬೇಗ ಅರ್ಥವಾದೀತು. ಇನ್ನೂ ಒಂದು. ಬಾಣಸವಾಡಿಯ ತುದಿಯಿಂದ ರಸಮಟ್ಟ ಹಿಡಿದು ಅಗರದ ಕಡೆಗೆ ಒಂದು ಸಮನಾದ ದೃಷ್ಟಿಗೆರೆ ಎಳೆದರೆ, ಆ ತುದಿಯಲ್ಲಿ ಭೂಮಿ ಬಾಗಿ ಆ ಗೆರೆಯಿಂದ ಸುಮಾರು 11 ಮೀಟರ್ ಕೆಳಗಿಳಿದಿರುತ್ತದೆ. ಮೂರಂತಸ್ತಿನ ಮನೆಯಷ್ಟು. ಭೂಮಿ ದುಂಡಗಿದೆ ಎಂದು ತಿಳಿಯಲು ಅಂತರಿಕ್ಷಕ್ಕೆ ಹೋಗಬೇಕಿಲ್ಲ. ಕೋರಮಂಗಲದ ಆಚೆಯವರೆಗೆ ಮಟ್ಟ ಹಿಡಿದರೆ ಸಾಕು.

ಆಮೇಲೆ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಲ್ಯಾಂಬ್ಟನ್ ಇನ್ನೊಂದು ಗೆರೆ ಅಳೆದ. ಇತಿಹಾಸದ ಪುಸ್ತಕಗಳು ಮಹಾ ತ್ರಿಕೋನಮಿತಿ ಸರ್ವೆಯ ಆರಂಭವನ್ನು ಅಲ್ಲಿಂದ ಎಣಿಸುತ್ತವೆ, ಬೆಂಗಳೂರಿನದನ್ನು ಪೂರ್ವಾಭ್ಯಾಸದ ಲೆಕ್ಕಕ್ಕೆ ಹಾಕುತ್ತವೆ. ಇರಲಿ. ಮದರಾಸಿನಿಂದ ಬೆಟ್ಟದ ತುದಿಗಳನ್ನು ಹಿಡಿದು ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ತಂಡ ಬೆಂಗಳೂರಿಗೆ ಬಂತು. ಒಂದು ಬಾಹು ಗೊತ್ತು, ಕೋನಗಳನ್ನು ದುರ್ಬೀನಿನಲ್ಲಿ ನೋಡಿ ಅಳೆಯಬಹುದು. ಉಳಿದದ್ದೆಲ್ಲ ಹೈಸ್ಕೂಲಿನ ಗಣಿತ. 1804ರಲ್ಲಿ ಲ್ಯಾಂಬ್ಟನ್‌ನ ಸಹಾಯಕ ಜಾನ್ ವಾರನ್ ಬೆಂಗಳೂರಿನಲ್ಲಿ ಮತ್ತೊಮ್ಮೆ ಸರಪಳಿ ಹಿಡಿದು ಗೆರೆ ಅಳೆದ. ಮದರಾಸಿನಿಂದ ಲೆಕ್ಕ ಹಾಕಿಕೊಂಡು ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ 3.7 ಅಂಗುಲ. ಘಟ್ಟ ಹತ್ತಿ ಮುನ್ನೂರು ಕಿಲೋಮೀಟರ್ ದಾಟಿ ಬಂದ ಲೆಕ್ಕಕ್ಕೆ ಮೂರೂಮುಕ್ಕಾಲು ಅಂಗುಲ! ನಮ್ಮ ಬಡಾವಣೆಗಳಲ್ಲಿ 30–40ರ ಸೈಟಿನ ಕಾಂಪೌಂಡ್ ಇದಕ್ಕಿಂತ ಹೆಚ್ಚು ಆಚೀಚೆ ಇರುತ್ತದೆ.

ಈ ವಾರನ್ ಸಾಮಾನ್ಯನಲ್ಲ. ಫ್ರೆಂಚ್ ಮೂಲದವನು, ಮುಂದೆ ಮದರಾಸಿನ ವೀಕ್ಷಣಾಲಯ ನೋಡಿಕೊಂಡವನು, ದಕ್ಷಿಣ ಭಾರತದ ಪಂಚಾಂಗ ಲೆಕ್ಕದ ಮೇಲೆ ‘ಕಾಲಸಂಕಲಿತ’ ಎಂಬ ದಪ್ಪ ಪುಸ್ತಕ ಬರೆದವನು. 1802ರಲ್ಲಿ ಮೈಸೂರಿನ ಗಡಿ ಗುರುತಿಸುತ್ತ ಕೋಲಾರದ ಕಡೆ ಹೋದಾಗ, ಅಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ವರದಿ ಬರೆದ. ದಶಕಗಳ ನಂತರ ಬೆಂಗಳೂರು ದಂಡಿನಲ್ಲಿದ್ದ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಆ ಹಳೆಯ ಬರಹ ಓದಿ ಗಣಿಗೆ ಅನುಮತಿ ಕೇಳಿದ. ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಮುಂದೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ನೆಲದಡಿ 3.2 ಕಿಲೋಮೀಟರಿನವರೆಗೆ ಇಳಿಯಿತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಭೂಮಿಯ ಹೊಟ್ಟೆಗೆ ಅಷ್ಟು ಆಳ ಇಳಿದೆವು ಎಂದು ಹೆಮ್ಮೆಪಡುವ ಮುಂಚೆ, ಕೇಂದ್ರಕ್ಕೆ ಇರುವ ದೂರ 6,371 ಕಿಲೋಮೀಟರ್ ಎಂಬುದನ್ನು ನೆನೆಯಬೇಕು. ಮನುಷ್ಯ ಕೊರೆದ ಅತಿ ಆಳದ ತೂತುಗಳಲ್ಲಿ ಹೆಸರಾದ ರಷ್ಯಾದ ಕೋಲಾ ಬಾವಿಯೇ 12 ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿನ ಕೆಳಗೆ ಭೂಮಿಯ ಹೊರಚಿಪ್ಪೇ ಸುಮಾರು 35 ಕಿಲೋಮೀಟರ್ ದಪ್ಪ. ಆ ಚಿಪ್ಪಿನ ಕಲ್ಲು ಲಾಲ್‌ಬಾಗಿನ ಗುಡ್ಡದಲ್ಲಿ ತಲೆ ಹೊರಗಿಟ್ಟಿದೆ. 300 ಕೋಟಿ ವರ್ಷದ್ದೆಂದು ಅಲ್ಲಿನ ಫಲಕ ಹೇಳುತ್ತದೆ. ನಮ್ಮ ಕಡೆ ಬೋರ್‌ವೆಲ್ ಲಾರಿ ಕಿವಿ ಕಿತ್ತುಹೋಗುವಂತೆ ಕೊರೆಯುವುದೂ, ಹೆಣ್ಣೂರು ಬಂಡೆ ಎಂಬ ಬಸ್ ಸ್ಟಾಪಿನ ಹೆಸರಿನಲ್ಲಿ ಕೂತಿರುವುದೂ ಅದೇ ಜಾತಿಯ ಕಲ್ಲು. ಭೂಮಿಗೆ 454 ಕೋಟಿ ವರ್ಷ ವಯಸ್ಸು. ಅಂದರೆ ಅದರ ಆಯುಷ್ಯದ ಅರ್ಧಕ್ಕೂ ಹೆಚ್ಚು ಕಾಲವನ್ನು ಈ ಕಲ್ಲು ಕಂಡಿದೆ.

ಆಕಾರದ ಮಾತಿಗೆ ಬರೋಣ. ತನ್ನ ಸುತ್ತ ತಾನೇ ತಿರುಗುವ ಭೂಮಿ ಸೊಂಟದಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕು ಎಂದು ನ್ಯೂಟನ್ ಹೇಳಿದ್ದ. ಇಲ್ಲ, ಧ್ರುವಗಳ ಕಡೆಗೇ ನೀಳವಾಗಿದೆ ಎಂದು ಫ್ರಾನ್ಸಿನ ಕಸ್ಸಿನಿ ಮನೆತನದವರು ವಾದಿಸಿದರು. ತೀರ್ಮಾನಕ್ಕೆ ಫ್ರೆಂಚರು 1735–36ರಲ್ಲಿ ಒಂದು ತಂಡವನ್ನು ಪೆರುವಿಗೂ ಇನ್ನೊಂದನ್ನು ಲ್ಯಾಪ್‌ಲ್ಯಾಂಡಿಗೂ ಕಳಿಸಿದರು, ಗೆದ್ದದ್ದು ನ್ಯೂಟನ್. ಆದರೆ ಎಷ್ಟು ಚಪ್ಪಟೆ ಎಂಬುದು ಬಗೆಹರಿದಿರಲಿಲ್ಲ. ಅದಕ್ಕೆ ದಾರಿ ಒಂದೇ. ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶ ಎಷ್ಟು ಉದ್ದವಿದೆ ಎಂದು ಬೇರೆ ಬೇರೆ ಕಡೆ ಅಳೆಯಬೇಕು. ನಮ್ಮಲ್ಲಿ ಅದು 110.6 ಕಿಲೋಮೀಟರ್, ಧ್ರುವದ ಬಳಿ 111.7.

ಲ್ಯಾಂಬ್ಟನ್ ಈ ಕೆಲಸಕ್ಕೆ ಆರಿಸಿಕೊಂಡ ಕೇಂದ್ರಗಳಲ್ಲಿ ಒಂದು ದೊಡ್ಡಗುಂಟೆ. ಅವನ ದಾಖಲೆಗಳಲ್ಲಿ ‘ಡೋಡಗೂಂಟಾ’ ಎಂದು ಬರುವ ಈ ಜಾಗ ದಂಡಿನ ಪೂರ್ವಕ್ಕೆ, ಈಗಿನ ಕಾಕ್ಸ್ ಟೌನಿನ ಮಗ್ಗುಲಿನಲ್ಲಿ, 13 ಡಿಗ್ರಿ ಅಕ್ಷಾಂಶಕ್ಕೆ ಕೂದಲೆಳೆಯಷ್ಟು ಹತ್ತಿರ. ಕಲ್ಯಾಣ ನಗರದಿಂದ ಆಟೊದಲ್ಲಿ ಹೋಗಿ ಬರಬಹುದು. ನೆತ್ತಿಯ ಮೇಲೆ ಹಾದುಹೋಗುವ ನಕ್ಷತ್ರಗಳನ್ನು ಅಲ್ಲಿ ರಾತ್ರಿಗಟ್ಟಲೆ ದುರ್ಬೀನಿನಲ್ಲಿ ಹಿಡಿದು ಅಕ್ಷಾಂಶ ಕಟ್ಟಿದರು. ದಕ್ಷಿಣಕ್ಕೆ ಕನ್ಯಾಕುಮಾರಿ ಬಳಿಯ ಪುನ್ನೈ, ಉತ್ತರಕ್ಕೆ ಗುತ್ತಿ ಸೀಮೆ, ಅದರಾಚೆ ಬೀದರಿನ ಹತ್ತಿರದ ದಾಮರಗಿದ್ದ. ಇವೆಲ್ಲ ಸೇರಿ ಸುಮಾರು 10 ಡಿಗ್ರಿ ಉದ್ದದ ಕಂಸ. 1823ರಲ್ಲಿ ಲ್ಯಾಂಬ್ಟನ್ ಕೆಲಸದ ದಾರಿಯಲ್ಲೇ ಹಿಂಗನಘಾಟದಲ್ಲಿ ಸತ್ತ. ಸಹಾಯಕ ಜಾರ್ಜ್ ಎವರೆಸ್ಟ್ ಕಂಸವನ್ನು ಹಿಮಾಲಯದ ಬುಡದವರೆಗೆ ಒಯ್ದ; ಅದು ಮುಗಿಯುವ ಮುಂಚೆಯೇ, 1830ರಲ್ಲಿ, ಭೂಮಿಯ ಗಾತ್ರ–ಆಕಾರದ ತನ್ನ ಲೆಕ್ಕ ಕೊಟ್ಟ. ಭಾರತದ ನಕ್ಷೆಗಳು ಇಪ್ಪತ್ತನೇ ಶತಮಾನ ಮುಗಿಯುವವರೆಗೂ ಅದರ ಮೇಲೇ ನಿಂತಿದ್ದವು. ಇಂದಿನ ಉಪಗ್ರಹ ಲೆಕ್ಕಕ್ಕೆ ಹೋಲಿಸಿದರೆ ಎವರೆಸ್ಟನ ಭೂಮಿಯ ಸೊಂಟದ ತ್ರಿಜ್ಯ ಸುಮಾರು 860 ಮೀಟರ್ ಕಡಿಮೆ. ಆರು ಸಾವಿರ ಕಿಲೋಮೀಟರಿನಲ್ಲಿ ಒಂದು ಕಿಲೋಮೀಟರಿಗೂ ಕಡಿಮೆ ತಪ್ಪು, ಅದೂ ಎತ್ತಿನ ಗಾಡಿಯ ಕಾಲದಲ್ಲಿ. ಪರ್ವತಕ್ಕೆ ಹೆಸರು ಬಿದ್ದದ್ದು ಎವರೆಸ್ಟನದು. ಲ್ಯಾಂಬ್ಟನ್ ಹೆಸರಿನ ಒಂದು ದಿಣ್ಣೆಯೂ ಬೆಂಗಳೂರಿನಲ್ಲಿ ಇದ್ದಂತಿಲ್ಲ.

ಭೂಮಿಯ ಸೊಂಟ ಎಷ್ಟು ಉಬ್ಬಿದೆ? ಸಮಭಾಜಕದಲ್ಲಿ ತ್ರಿಜ್ಯ 6,378 ಕಿಲೋಮೀಟರ್, ಧ್ರುವದಲ್ಲಿ 6,357. ಇಪ್ಪತ್ತೊಂದು ಕಿಲೋಮೀಟರಿನ ಈ ವ್ಯತ್ಯಾಸದಿಂದ ಹುಟ್ಟುವ ತಮಾಷೆಗಳಿಗೆ ಲೆಕ್ಕವಿಲ್ಲ. ಈಕ್ವೆಡಾರಿನ ಚಿಂಬೊರಾಸೊ ಶಿಖರ ಸಮುದ್ರ ಮಟ್ಟದಿಂದ ಅಳೆದರೆ ಎವರೆಸ್ಟಿಗಿಂತ ಎಷ್ಟೋ ಗಿಡ್ಡ, ಭೂಕೇಂದ್ರದಿಂದ ಅಳೆದರೆ ಸುಮಾರು 2 ಕಿಲೋಮೀಟರ್ ಎತ್ತರ. ಈ ಸಂಗತಿ ಕ್ವಿಜ್ ಮಕ್ಕಳಿಗೆ ಗೊತ್ತು. ಅವರಿಗೆ ಗೊತ್ತಿಲ್ಲದ್ದು ನಮ್ಮ ಮನೆಯ ಲೆಕ್ಕ. ಕಲ್ಯಾಣ ನಗರ ಭೂಕೇಂದ್ರದಿಂದ ಸುಮಾರು 6,378 ಕಿಲೋಮೀಟರ್ ದೂರದಲ್ಲಿದೆ. ಫ್ರಾನ್ಸ್–ಇಟಲಿ ಗಡಿಯ ಮಾಂಟ್ ಬ್ಲಾಂಕ್ ಶಿಖರದ ತುದಿ ಸುಮಾರು 6,372. ಹಿಮದ ಬೂಟು ಹಾಕಿ, ಹಗ್ಗ ಹಿಡಿದು ಏದುಸಿರು ಬಿಡುತ್ತ ಮಾಂಟ್ ಬ್ಲಾಂಕ್ ಹತ್ತಿದವನಿಗಿಂತ, ಕಮ್ಮನಹಳ್ಳಿಯಲ್ಲಿ ಪಾನಿಪುರಿ ತಿನ್ನುತ್ತ ನಿಂತವನು ಭೂಕೇಂದ್ರದಿಂದ 6 ಕಿಲೋಮೀಟರ್ ಮೇಲಿದ್ದಾನೆ. ಜಪಾನಿನ ಫ್ಯೂಜಿ, ಉತ್ತರ ಅಮೆರಿಕದ ಅತಿ ಎತ್ತರದ ಡೆನಾಲಿ, ಯುರೋಪಿನ ಎಲ್ಬ್ರುಸ್ ಇವೂ ನಮಗಿಂತ ಕೆಳಗೇ.

ಹಾಗಾದರೆ ‘ಮೇಲೆ’, ‘ಕೆಳಗೆ’ ಎಂಬುದೆಲ್ಲ ಏನು? ಅಮೆರಿಕದ ಮಿಸಿಸಿಪ್ಪಿ ನದಿ ಹುಟ್ಟುವಲ್ಲಿಗಿಂತ ಸಮುದ್ರ ಸೇರುವಲ್ಲಿ ಭೂಕೇಂದ್ರದಿಂದ ಸುಮಾರು 6 ಕಿಲೋಮೀಟರ್ ಹೆಚ್ಚು ದೂರವಿದೆ. ಆದರೂ ಇಳಿಜಾರಿನಲ್ಲೇ ಹರಿಯುತ್ತದೆ. ನೀರಿಗೆ ಕೇಂದ್ರದ ದೂರ ಗೊತ್ತಿಲ್ಲ, ಗುರುತ್ವ ಎತ್ತ ಎಳೆಯುತ್ತದೆಂಬುದಷ್ಟೇ ಗೊತ್ತು. ಆ ಎಳೆತವೂ ಎಲ್ಲೆಡೆ ಒಂದೇ ಅಲ್ಲ. ಸೊಂಟದ ಉಬ್ಬು, ತಿರುಗುವಿಕೆಯ ಎಸೆತ, ಜೊತೆಗೆ ಊರಿನ ಎತ್ತರ ಸೇರಿ ಬೆಂಗಳೂರಿನಲ್ಲಿ ಗುರುತ್ವ ಧ್ರುವಕ್ಕಿಂತ ನೂರಕ್ಕೆ ಅರ್ಧದಷ್ಟು ಕಡಿಮೆ. ಉತ್ತರ ಧ್ರುವದಲ್ಲಿ ಸ್ಪ್ರಿಂಗ್ ತಕ್ಕಡಿ 60 ಕಿಲೋ ತೋರಿಸುವ ಆಸಾಮಿ ಇಲ್ಲಿ ಬಂದು ಅದೇ ತಕ್ಕಡಿ ಹತ್ತಿದರೆ ಸುಮಾರು 300 ಗ್ರಾಂ ಇಳಿದಿರುತ್ತಾನೆ. ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನಲ್ಲಿ 100 ಗ್ರಾಂ ಚಿನ್ನಕ್ಕೆ ಇದು ಅರ್ಧ ಗ್ರಾಂ ಲೆಕ್ಕ. ಹೆದರಬೇಡಿ: ಎರಡು ತಟ್ಟೆಯ ತಕ್ಕಡಿಯಲ್ಲಿ ಬಟ್ಟೂ ಚಿನ್ನದಷ್ಟೇ ಹಗುರಾಗುತ್ತದೆ, ಎಲೆಕ್ಟ್ರಾನಿಕ್ ತಕ್ಕಡಿಯನ್ನು ಸ್ಥಳದಲ್ಲೇ ಸರಿಹೊಂದಿಸಿರುತ್ತಾರೆ. ಗುರುತ್ವವನ್ನು ಲೋಲಕದಿಂದ ಕರಾರುವಾಕ್ಕಾಗಿ ಅಳೆಯುವ ದಾರಿ ತೋರಿಸಿದ ಹೆನ್ರಿ ಕೇಟರ್ ಕೂಡ ಎಳೆಯ ವಯಸ್ಸಿನಲ್ಲಿ ಲ್ಯಾಂಬ್ಟನ್ ಕೈಕೆಳಗೆ ಈ ನಾಡಿನ ಬೆಟ್ಟಗಳನ್ನು ಹತ್ತಿಳಿದವನೇ.

ಗೋಡೆ ಕಟ್ಟುವ ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು "ಸಾರ್, ದಾರ ಸುಳ್ಳು ಹೇಳಲ್ಲ" ಎನ್ನುತ್ತಾನೆ. ಸರ್ವೆಯವರೂ ಬಹುಕಾಲ ಹಾಗೇ ನಂಬಿದ್ದರು. ಉತ್ತರ ಭಾರತದ ಕಲಿಯಾನಾ ಮತ್ತು ಮಧ್ಯ ಭಾರತದ ಕಲಿಯಾನ್‌ಪುರ ಎಂಬ ಎರಡು ಕೇಂದ್ರಗಳ ನಡುವಿನ ಅಕ್ಷಾಂಶದ ಅಂತರ ತೂಗುಗುಂಡು ಇಟ್ಟು ನಕ್ಷತ್ರದಿಂದ ಅಳೆದರೆ ಒಂದು, ತ್ರಿಕೋನದಿಂದ ಅಳೆದರೆ ಇನ್ನೊಂದು ಬಂತು. ವ್ಯತ್ಯಾಸ ಐದು ಸೆಕೆಂಡು ಕೋನ. ಹಿಮಾಲಯ ತೂಗುಗುಂಡನ್ನು ತನ್ನತ್ತ ಎಳೆಯುತ್ತಿದೆ ಎಂದು ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ಲೆಕ್ಕ ಹಾಕಿದ; ಆದರೆ ಅವನ ಲೆಕ್ಕದ ಪ್ರಕಾರ ಎಳೆತ ಹದಿನೈದು ಸೆಕೆಂಡಿಗೂ ಹೆಚ್ಚಿರಬೇಕಿತ್ತು. ಉಳಿದ ಎಳೆತ ಎಲ್ಲಿ ಹೋಯಿತು? 1855ರಲ್ಲಿ ಜಾರ್ಜ್ ಏರಿ ಉತ್ತರ ಕೊಟ್ಟ: ಪರ್ವತಗಳಿಗೆ ಹಗುರ ಕಲ್ಲಿನ ಬೇರು ಇದೆ, ಅವು ಕೆಳಗಿನ ಭಾರವಾದ ಪದರದ ಮೇಲೆ ತೇಲುತ್ತಿವೆ. ಇಂದಿನ ಭೂವಿಜ್ಞಾನದ ಒಂದು ಅಡಿಗಲ್ಲು ಹೀಗೆ ಸರ್ವೆಯ ಲೆಕ್ಕ ತಪ್ಪಿದ್ದರಿಂದ ಸಿಕ್ಕಿತು.

ಅದಕ್ಕಿಂತ ದೊಡ್ಡ ಸೋಜಿಗ ನಮ್ಮ ದಕ್ಷಿಣಕ್ಕಿದೆ. ಭೂಮಿಯ ನೀರಿನ ಮಟ್ಟವನ್ನು ನಯವಾದ ಅಂಡಾಕಾರದ ಗಣಿತದ ಭೂಮಿಗೆ ಹೋಲಿಸಿದರೆ, ಜಗತ್ತಿನಲ್ಲೇ ಅತಿ ಆಳದ ತಗ್ಗು ಶ್ರೀಲಂಕೆಯ ದಕ್ಷಿಣದ ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಗುರುತ್ವ ಸಪ್ಪೆ. ಸಮುದ್ರದ ಮೇಲ್ಮೈ 106 ಮೀಟರ್ ಕುಸಿದಿದೆ. ಹಡಗಿನವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅವರ ರಸಮಟ್ಟಕ್ಕೂ ಅದೇ ಸಮತಲ. ಈ ತಗ್ಗು ಹೇಗಾಯಿತೆಂದು 2023ರಲ್ಲಿ ವಿವರಿಸಿದವರು ಬೆಂಗಳೂರಿನವರೇ, ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್. ಭಾರತ ಉತ್ತರಕ್ಕೆ ಸರಿದಾಗ ಮಾಯವಾದ ಟೆಥಿಸ್ ಸಾಗರದ ತಳ ಭೂಮಿಯೊಳಗೆ ಮುಳುಗಿತು. ಅದು ಆಫ್ರಿಕಾದ ಕೆಳಗಿನ ಬಿಸಿ ರಾಶಿಯನ್ನು ಕೆದಕಿತು. ಅಲ್ಲಿಂದೆದ್ದ ಬಿಸಿಯಾದ, ಹಗುರಾದ ಬಂಡೆ ಸಾಗರದ ಅಡಿಗೆ ಹರಡಿಕೊಂಡಿತು ಎಂಬುದು ಅವರ ಕಂಪ್ಯೂಟರ್ ಮಾದರಿಗಳ ಸಾರ.

ಈ ತಗ್ಗಿನ ದಡದಲ್ಲೇ ನಮ್ಮ ಊರೂ ಇದೆ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಉಪಗ್ರಹ ಸಂಕೇತ ಹಿಡಿಯುವ ಜಾಗತಿಕ ಜಾಲದ ಕೇಂದ್ರವೊಂದಿದೆ. ಉಪಗ್ರಹದ ಲೆಕ್ಕದಲ್ಲಿ ಅದರ ಎತ್ತರ ಸುಮಾರು 844 ಮೀಟರ್. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ ಸುಮಾರು 930. ಎರಡೂ ಸರಿ. ನಡುವಿನ 86 ಮೀಟರ್ ಹಿಂದೂ ಮಹಾಸಾಗರದ ತಗ್ಗು ನಮ್ಮವರೆಗೂ ಚಾಚಿರುವುದರ ಗುರುತು. ಮೊಬೈಲಿನಲ್ಲಿ ಎತ್ತರ ತೋರಿಸುವ ಕೆಲವು ಆ್ಯಪ್‌ಗಳು ಈ ತಿದ್ದುಪಡಿ ಮಾಡದೆ ಬೆಂಗಳೂರನ್ನು ಎಂಬತ್ತು ಚಿಲ್ಲರೆ ಮೀಟರ್ ಕೆಳಕ್ಕಿಳಿಸುವುದೂ ಇದರಿಂದಲೇ.

ಇನ್ನು ಚಲನೆ. ಹೆಣ್ಣೂರು ಕ್ರಾಸಿನ ಸಿಗ್ನಲ್ಲಿನಲ್ಲಿ ನಿಂತ ಬೈಕು ಕದಲುತ್ತಿಲ್ಲ ಎಂದು ಗೊಣಗುವವರಿಗೆ ಸಮಾಧಾನಕ್ಕೊಂದು ಲೆಕ್ಕ. ಭೂಮಿ ತಿರುಗುವುದರಿಂದ ನಮ್ಮ ಅಕ್ಷಾಂಶದ ನೆಲ ಗಂಟೆಗೆ ಸುಮಾರು 1,630 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ, ಶಬ್ದಕ್ಕಿಂತ ಬಿರುಸಾಗಿ. ಸೂರ್ಯನ ಸುತ್ತಲಿನ ಓಟ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಐದು ನಿಮಿಷ ಸಿಗ್ನಲ್ ಬಿಡದಿದ್ದರೆ ಅಷ್ಟರಲ್ಲಿ 9,000 ಕಿಲೋಮೀಟರ್ ಸಾಗಿರುತ್ತೀರಿ. ಈ ದಾರಿಯೂ ಪೂರ್ತಿ ದುಂಡಗಿಲ್ಲ. ಸೂರ್ಯನಿಗೆ ನಾವು ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಬೆಂಗಳೂರಿನವರು ಮಂಕಿ ಟೋಪಿ ಹುಡುಕುವ ದಿನಗಳಲ್ಲಿ. ಜುಲೈಗಿಂತ ಆಗ ಸೂರ್ಯ 50 ಲಕ್ಷ ಕಿಲೋಮೀಟರ್ ಹತ್ತಿರ. ಚಳಿ–ಸೆಕೆ ತರುವುದು ದೂರವಲ್ಲ, ಭೂಮಿಯ ಓರೆ.

ಆ ಓರೆಯನ್ನು ಕಣ್ಣಾರೆ ನೋಡುವ ದಿನಗಳು ವರ್ಷಕ್ಕೆ ಎರಡು ಬರುತ್ತವೆ: ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಅಂದು ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಆದರೆ ಗಡಿಯಾರ ನೋಡಿ ಹನ್ನೆರಡಕ್ಕೆ ತಾರಸಿ ಹತ್ತಿದರೆ ಕೆಲಸ ಕೆಡುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 77.6ರಲ್ಲಿ. ಸೂರ್ಯ ಅಲ್ಲಿಂದ ಇಲ್ಲಿಗೆ ಬರಲು ಸುಮಾರು 20 ನಿಮಿಷ ಬೇಕು. ಏಪ್ರಿಲಿನಲ್ಲಿ ನೆರಳು ಮಾಯವಾಗುವುದು 12 ಗಂಟೆ 18 ನಿಮಿಷದ ಹೊತ್ತಿಗೆ, ಆಗಸ್ಟಿನಲ್ಲಿ ಇನ್ನೂ ಐದಾರು ನಿಮಿಷ ತಡ. ಗೋಡೆಗೆ ಒರಗಿಸಿದ ಪೈಪಿಗಿಂತ ನೆಟ್ಟಗೆ ನಿಲ್ಲಿಸಿದ ನೀರಿನ ಬಾಟಲಿ ವಾಸಿ. ಮೋಡವಿಲ್ಲದ ಏಪ್ರಿಲ್ ಇನ್ನೂ ವಾಸಿ.

ಲ್ಯಾಂಬ್ಟನ್‌ನ ಗೆರೆಯನ್ನು ಈಗ ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಅದರ ಮೊಮ್ಮಗಳು ಎನ್ನಬಹುದಾದ ಇನ್ನೊಂದು ಗೆರೆಯ ಸುಳಿವು. 1867–68ರಲ್ಲಿ ಸರ್ವೆಯವರು ಬೆಂಗಳೂರಿಗೆ ಮತ್ತೆ ಬಂದರು. ಈ ಸಲ ಸರಪಳಿ ಇರಲಿಲ್ಲ. ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದು ಸರಿದೂಗಿಸುವಂತೆ ಮಾಡಿದ ಕೋಲ್ಬಿ ಎಂಬ ಇಂಜಿನಿಯರನ ಹತ್ತಡಿ ಕೋಲುಗಳು. ಬಿಸಿಲಿನ ಕಾಟಕ್ಕೆ ಮದ್ದು ಸಿಕ್ಕಿತ್ತು. ಆ ಗೆರೆಯ ಒಂದು ತುದಿಗೆ ಮೇಖ್ರಿ ವೃತ್ತದ ಬಳಿ, ಇನ್ನೊಂದಕ್ಕೆ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಗುರುತಿನ ಕಟ್ಟಡಗಳೆದ್ದವು. ಕಲ್ಯಾಣ ನಗರದಿಂದ ವಿಮಾನ ನಿಲ್ದಾಣಕ್ಕೆ ಹಿಂದಿನ ದಾರಿ ಹಿಡಿಯುವವರು ಕಣ್ಣೂರಿನ ಮೇಲೇ ಹೋಗುತ್ತಾರೆ.

ಈಗ ಮೋಜಣಿಯವರ ಕೈಯಲ್ಲಿರುವುದು ಕೋಲಿನ ತುದಿಗೆ ಅಣಬೆಯಂಥ ಆಂಟೆನಾ ಸಿಕ್ಕಿಸಿದ ರೋವರ್. ಸರ್ವೆ ಆಫ್ ಇಂಡಿಯಾ ರಾಜ್ಯದ ಉದ್ದಗಲಕ್ಕೂ ನೆಟ್ಟಿರುವ ಕೇಂದ್ರಗಳಿಂದ ತಿದ್ದುಪಡಿ ಪಡೆದು, ಕೆಲವು ಸೆಂಟಿಮೀಟರಿನೊಳಗೆ, ನಿಮಿಷಗಳಲ್ಲಿ ಅದು ಜಾಗ ಹೇಳುತ್ತದೆ. ಅಷ್ಟು ಸೂಕ್ಷ್ಮವಾದಾಗ ಹೊಸದೊಂದು ತಾಪತ್ರಯ. ಭಾರತದ ನೆಲದ ಹಲಗೆ ನಿಂತಿಲ್ಲ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಜರುಗುತ್ತಿದೆ, ಉಗುರು ಬೆಳೆಯುವುದಕ್ಕಿಂತ ತುಸು ಬೇಗ. ಲ್ಯಾಂಬ್ಟನ್ ಅಳೆದ ಬಯಲು ಅವನ ಕಾಲದಿಂದ ಈಚೆಗೆ ಹನ್ನೊಂದು ಹನ್ನೆರಡು ಮೀಟರ್ ಸರಿದಿದೆ. ಹಾಗಾಗಿ ಅಕ್ಷಾಂಶ–ರೇಖಾಂಶವನ್ನು ಕರಾರುವಾಕ್ಕಾಗಿ ಬರೆಯುವವರು ಅದು ಯಾವ ವರ್ಷದ ಲೆಕ್ಕ ಎಂಬುದನ್ನೂ ಜೊತೆಗೆ ಬರೆಯಬೇಕು. ಪಕ್ಕದ ಮನೆಯವರು ಕಾಂಪೌಂಡನ್ನು ಅರ್ಧ ಅಡಿ ನಿಮ್ಮತ್ತ ತಳ್ಳಿ ಭೂಮಿಯೇ ಸರಿಯಿತು ಎಂದರೆ ಮಾತ್ರ ಒಪ್ಪಬೇಡಿ. ಹಲಗೆಯ ಮೇಲೆ ಅವರ ಸೈಟೂ ನಿಮ್ಮ ಸೈಟೂ ಅಷ್ಟಷ್ಟೇ ಸರಿದಿರುತ್ತವೆ.